ಹಸ್ಕಿಯೋ ಮುಧೋಳವೋ

ಮಗಳು ದಿನಾ ರಾಮನಗರದ ಬೆಟ್ಟದ ದಾರಿಯಲ್ಲಿ ಓಡುತ್ತಾಳೆ. ನಮ್ಮ ಲ್ಯಾಬ್ರಡಾರಿಗೆ ವಯಸ್ಸಾಯಿತು, ಅವಳ ಜೊತೆ ಓಡಲಾರದು. ಎರಡನೆಯ ನಾಯಿಯಾಗಿ ಹಸ್ಕಿ ತರೋಣವೆಂದಳು. ಕಾನ್ವೆಂಟಿನ ಸ್ಟೋರಿಬುಕ್ಕಿನಲ್ಲಿ ಹಿಮದ ಮೇಲೆ ಗಾಡಿ ಎಳೆಯುವ ನಾಯಿಗಳನ್ನು ಕಂಡಿದ್ದ ನಾನೂ "ಹೌ ಲವ್ಲಿ" ಎಂದುಬಿಟ್ಟೆ.

ಪಕ್ಕದ ಮನೆಯಲ್ಲೇ ರೇಷ್ಮೆಹುಳು ಸಾಕುವ ನನ್ನ ಓರಗಿತ್ತಿ ಒಪ್ಪಲಿಲ್ಲ.

"ಅಷ್ಟು ಕೂದಲಿಗೆ ಚಿಗಟ ಬುಟ್ಟಾತಾ? ಆಮೇಲೆ ಚಿಗಟ ಸಾಯೋ ಪೌಡರ್ ಹಾಕ್ತೀರ. ಅದರ ಗಾಳಿ ಸೋಕಿದ್ರೆ ನನ್ನ ಹುಳ ಒಂದೂ ಉಳಿಯಾಕಿಲ್ಲ ಕಣಕ್ಕಾ!"

ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಗಿಡ್ಡ ಕೂದಲಿನ ಮುಧೋಳದ ಮರಿ ತಂದಳು.

"ಇದ್ಕೆ ಒಸಿ ಮುದ್ದೆ ಹಾಕ್ರಕ್ಕಾ, ಮೂಳೆ ಕಾಣ್ತಾವೆ," ಎಂದು ಓರಗಿತ್ತಿ ನಕ್ಕಳು.

ಪೌಡರ್ ಬೇಡವಾದ್ದರಿಂದ ಸಂಜೆ ಕನ್ನಡಕ ಹಾಕಿಕೊಂಡು ಅದರ ಮೈಯಿಂದ ಚಿಗಟ ಹೆಕ್ಕುವುದು ನನ್ನ ಡ್ಯೂಟಿ. ಓರಗಿತ್ತಿಯ ಹುಳುಗಳು ಚೆನ್ನಾಗಿಯೇ ಗೂಡು ಕಟ್ಟಿದವು.