ಚಾಚಿ ಓದಿದ ನೋಟಿಸ್

ಟಿಕೋಟಾದ ಹೊರಗ ಹಸೀನಾ ಚಾಚಿಯ ಒಣದ್ರಾಕ್ಷಿ ಶೆಡ್ಡು ಬಾಡಿಗಿ ಹಿಡಿದವರು, ಅದರಾಗ ಕದ್ದು ಮಾದಕ ಪುಡಿ ತಯಾರಿಸಿ ಸಿಕ್ಕಿಬಿದ್ದಿದ್ರು. ಪೊಲೀಸರು ಸಾಮಾನು ಒಯ್ದ ಮ್ಯಾಲ ಆ ಜಾಗಾಕ್ಕ ಸೀಲ್ ಹಾಕಿ, ಸ್ವಚ್ಛ ಮಾಡಿಸೋ ಕೆಲಸ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಆದ ನನ್ನ ಪಾಲಿಗೆ ಬಂತು. ಆಫೀಸಿನಾಗ ಟೈಪ್ ಮಾಡಿ ಕೊಟ್ಟ ನೋಟಿಸ್ ಸರಿಯಾಗಿ ಓದದ ಬಾಗಿಲಿಗೆ ಅಂಟಿಸಿದೆ. "ಇದರಾಗ ಏನ್ ಬರದೀರಿ ಸಾಹೇಬ್ರ?" ಅಂತ ಚಾಚಿ ಕೇಳಿದ್ರ, "ಓದಾಕ ಬರ್ತದಲ್ಲ, ಓದ್ಕೋರಿ" ಅಂತ ಸಿಡುಕಿದ್ದೆ.

ಎಂಟು ದಿನ ಬಿಟ್ಟು ತಪಾಸಣಿಗೆ ಹೋಗಿ ಸೀಲ್ ತಗದೆ. ನಾನೂ ದ್ರಾಕ್ಷಿ ಬೆಳೆಯೋರ ಮನ್ಯಾವ. ತಿನ್ನೋ ಮಾಲು ಒಣಗಸೋ ಶೆಡ್ಡಿನಾಗ ಚಪ್ಪಲ್ ಹಾಕ್ಕೊಂಡು ಹೋದ್ರ ಅವ್ವ ಬೆನ್ನಿಗೆ ಬಾರಸ್ತಿದ್ಲು. ಹೊಸ್ತಿಲ ಕಂಡಕೂಡ್ಲೆ ಕೈ ತಾನ ಕೆಳಗ ಹೋತು. ಬೂಟು ಕಳದು ಬರಿಗಾಲು ಎತ್ತಿದ್ದೆ.

"ಯಪ್ಪಾ, ನಿಲ್ಲೋ!" ಅಂತ ಚಾಚಿ ಓಡಿಬಂದು ರಟ್ಟಿ ಹಿಡದು ಹಿಂದಕ್ಕ ಜಗ್ಗಿದ್ರು. "ನೆಲದ ಮ್ಯಾಲ ಆಸಿಡ್ ಚೆಲ್ಲೇತ್ರಿ! ಬೂಟಿಲ್ಲದ ಯಾರೂ ಒಳಗ ಕಾಲಿಡಬಾರದು, ಮೂರನೇ ಸಾಲು. ನೀವ ಓದು ಅಂದ್ರಿ, ದಿನಾ ಓದಿ ಬಾಯಿಪಾಠ ಆಗೇತಿ."

ಬ್ಯಾಟರಿ ಬಿಟ್ಟು ನೋಡಿದ್ರ, ಹೊಸ್ತಿಲದಾಚೆ ಸಿಮೆಂಟ್ ನೆಲ ಹುಳಾ ತಿಂದ ಕಟಗಿಯಂಗ ಕೊರದುಹೋಗಿತ್ತು, ಇನ್ನೂ ಹಸಿ ಇತ್ತು. "ತಪ್ಪಾತ್ರಿ ಚಾಚಿ, ಉಳಸಿದ್ರಿ" ಅಂತ ಕೈ ಮುಗದೆ.

ಬೂಟು ಏರಿಸಿಕೋತ ಆ ನೋಟಿಸ್ ಮೊದಲ ಸಲ ಪೂರ್ತಿ ಓದಿದೆ. ಬೂಟಿನ ಮಾತು ಇದ್ದದ್ದು ಮೂರನೇ ಸಾಲಿನಾಗಲ್ಲ, ನಾಲ್ಕನೇದರಾಗ. ಇವತ್ತಿಗೂ ಚಾಚಿಗೆ ತಿದ್ದಿ ಹೇಳಿಲ್ಲ. ಕಾಲಾಗ ಹತ್ತೂ ಬೆರಳು ಅವರ ದಯಾದಿಂದ ಅದಾವ.