ಪಟ್ಟಿ ಅಕ್ಕನ ಹೆಸರು

ಆಕೆಯ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ಕಂದುಬಣ್ಣಕ್ಕೆ ತಿರುಗಿರುತ್ತಿತ್ತು. ಗಾಯಕ್ಕೆ ಹಚ್ಚುವ ಟಿಂಚರಿನ ಕಲೆ ಅದು. ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲ, ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಬೆರಳುಗಳಿಂದಲೇ ಆಕೆ ರೊಟ್ಟಿ ಮುರಿಯುವುದನ್ನು ಕಂಡು ಮುಖ ಕಿವುಚುವ ಹೆಂಗಸರು ನಮ್ಮ ಓಣಿಯಲ್ಲಿದ್ದರು. ಅವರ ಮಕ್ಕಳಿಗೆ ಕುರುವಾದಾಗ ಮಾತ್ರ ಅವೇ ಬೆರಳುಗಳು ಬೇಕಾಗುತ್ತಿದ್ದವು.

ನಮ್ಮೂರು ಯಲಬುರ್ಗಾ. ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವುದು ಆಕೆಯ ಕೆಲಸ. ಹೀಗಾಗಿ ಊರಿಗೆಲ್ಲ ಪಟ್ಟಿ ಅಕ್ಕ. ನನಗೂ ಕೊನೆಯವರೆಗೆ ಅಕ್ಕನೇ. ಆಕೆಯ ಹೆಸರು ಮಾಯಾ ಎಂದು ನನಗೆ ತಿಳಿದದ್ದು ನನ್ನ ಕೈ ಸುಟ್ಟ ಮೇಲೆ.

ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ ಅದು, ತೊಂಬತ್ತೇಳು. ನಾನು ಹನ್ನೆರಡರ ಹುಡುಗಿ. ನಮ್ಮವ್ವ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡಿ ಮಾರುತ್ತಿದ್ದಳು. ಒಂದು ಮುಂಜಾನೆ ಒಲೆಯ ಕಲ್ಲು ಸರಿದು ಕಾದೆಣ್ಣೆಯ ಬಾಣಲೆ ನನ್ನ ಬಲಗೈ ಮೇಲೆ ಮಗುಚಿತು. ಮೊಣಕೈಯಿಂದ ಬೆರಳ ತುದಿಯವರೆಗೆ ಚರ್ಮ ಸುಲಿದು ಬಂತು. ಅವ್ವ ನನ್ನನ್ನು ಹೊತ್ತುಕೊಂಡೇ ದವಾಖಾನೆಗೆ ಓಡಿದ್ದಳು.

"ಗಾಯ ಮಾಯ್ತೈತೇನಬೇ?" ಎಂದು ಅವ್ವ ಕೇಳಿದಳು. ಅಕ್ಕ ಗಾಯ ತೊಳೆಯುತ್ತಲೇ ಇದ್ದಳು. ಮರುದಿನವೂ ಅವ್ವ ಅದನ್ನೇ ಕೇಳಿದಳು. ಅಕ್ಕ ಪಟ್ಟಿ ಸುತ್ತಿ ಗಂಟು ಹಾಕಿದಳು. ಮೂರನೇ ದಿನ ಅವ್ವ ಅಳುತ್ತ, "ನಿನ್ನ ಹೆಸರ ಮಾಯಾ ಐತಂತ, ಒಂದ್ಸಲ ಮಾಯ್ತೈತಿ ಅಂತರ ಅನ್ನಬೇ" ಎಂದಳು.

"ಹೆಸರು ಅಷ್ಟ ಮಾಯಾ, ಯಕ್ಕಾ. ನನ್ನ ಬಾಯಾಗ ಮಾಯಾ ಇಲ್ಲ. ಮಾಯೂದು ಕಂಡ ದಿನ ನಾನ ಹೇಳ್ತೀನಿ."

ಇದು ಆಕೆಯ ವ್ರತದಂತಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಸಕ್ಕರೆ ಕಾಯಿಲೆಯಿಂದ ಪಾದ ಕೊಳೆಯುತ್ತಿದ್ದ ಒಬ್ಬ ಮುದುಕ ದಿನವೂ ಕೂತಿರುತ್ತಿದ್ದ. ಅವನಿಗೆ ಅಕ್ಕ ನನ್ನೆದುರೇ ಹೇಳಿದ್ದಳು: "ಮುತ್ಯಾ, ಇದು ಮಾಯಂಗಿಲ್ಲ. ಆದ್ರ ನೀ ಬರೂತನಕ ನಾ ತೊಳಿತೀನಿ." ಮುದುಕ ಬಹಳ ಹೊತ್ತು ತನ್ನ ಪಾದ ನೋಡುತ್ತ ಕೂತ. ಮರುದಿನವೂ ಬಂದ. ಸಾಯುವ ಹಿಂದಿನ ವಾರದವರೆಗೂ ಬರುತ್ತಿದ್ದ.

ನನ್ನ ಗಾಯ ಆರತೊಡಗಿದಾಗ ಬೆರಳುಗಳು ಅಂಗೈಯೊಳಗೆ ಮುದುಡಿಕೊಳ್ಳತೊಡಗಿದವು. ಆಗ ಶುರುವಾಯಿತು ನಿಜವಾದ ಹಿಂಸೆ. ಅಕ್ಕ ದಿನವೂ ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದೇ ಬೆರಳನ್ನು ಎಳೆದು ನೆಟ್ಟಗೆ ಮಾಡುತ್ತಿದ್ದಳು. ನಾನು ಕಚ್ಚಿದ್ದೇನೆ, ಒದ್ದಿದ್ದೇನೆ, ಬೈದಿದ್ದೇನೆ. "ಅಳು, ಜೋರಾಗಿ ಅಳು. ಕೈ ಮಾತ್ರ ಎಳಕೋಬ್ಯಾಡ" ಎನ್ನುವಳು. ಏಳು ತಿಂಗಳು ಹೀಗೆ ನಡೆಯಿತು. ಒಂದು ದಿನ ನನ್ನ ಅಂಗೈಯನ್ನು ತನ್ನ ಅಂಗೈಗೆ ಒತ್ತಿ ಹಿಡಿದು, ಐದೂ ಬೆರಳು ಸರಿಯಾಗಿ ತಾಗಿದ್ದನ್ನು ನೋಡಿ, "ಮಾಯ್ತು" ಎಂದಳು. ಆ ಒಂದು ಶಬ್ದಕ್ಕೆ ನಮ್ಮವ್ವ ದವಾಖಾನೆಯ ನೆಲದ ಮೇಲೆ ಕೂತು ಅತ್ತಿದ್ದಳು. ನಾನು ಇವತ್ತು ಸಾಲಿಯಲ್ಲಿ ಬೋರ್ಡಿನ ಮೇಲೆ ಬರೆಯುವುದು ಅದೇ ಕೈಯಿಂದ.

ಆ ಹೆಸರು ಬಂದದ್ದು ಹೇಗೆಂದು ಆಮೇಲೆ ಆಕೆಯೇ ಹೇಳಿದಳು. ಆಕೆಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವಂತೆ. "ನನ್ನ ನೋಡಿ ಅವ್ವನ ಹೊಟ್ಟಿ ಗಾಯ ಮಾಯ್ಲಿ ಅಂತ ಅಪ್ಪ ಇಟ್ಟ ಹೆಸರು." ಒಮ್ಮೆ ಬೇರೆ ಸೀಮೆಯಿಂದ ಬಂದಿದ್ದ ಎಳೆಯ ಡಾಕ್ಟರೊಬ್ಬರು, "ನಿನ್ನ ಹೆಸರಿನ ದೇವತೆ ಹಿಂದೆ ರೋಮಿನಲ್ಲೂ ಇದ್ದಳು, ಗೊತ್ತಾ? ಗಿಡ ಬಳ್ಳಿ ಚಿಗುರಿಸೋಳು. ಮೇ ತಿಂಗಳಿಗೆ ಆಕೆಯದೇ ಹೆಸರು ಅಂತಾರೆ" ಎಂದರು. ಅಕ್ಕ ಹತ್ತಿ ಸುತ್ತುತ್ತಲೇ, "ಮೇ ತಿಂಗಳಾಗ ನಮ್ಮ ಕಡಿ ಏನ್ ಚಿಗರತೈತ್ರಿ ಸಾಹೇಬ್ರ? ಜಾಲಿ ಗಿಡ ಅಷ್ಟ" ಎಂದಳು. ಆಕೆ ಮನಸಾರೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಏಕೆಂದರೆ ಊರು ಆ ಹೆಸರಿಗೆ ಬೇರೆಯದೇ ಅರ್ಥ ಕಟ್ಟಿತ್ತು. ಅಕ್ಕನ ಗಂಡ ಗೌಂಡಿ, ಗೋಡೆ ಕಟ್ಟುವವ. ನನ್ನ ಕೈ ಸುಡುವುದಕ್ಕಿಂತ ಹಿಂದಿನ ವರ್ಷ ಗೋವಾಕ್ಕೆ ಕೆಲಸಕ್ಕೆ ಹೋದವನು ಎರಡು ಕಾಗದ ಬರೆದ, ಆಮೇಲೆ ಸುದ್ದಿಯಿಲ್ಲ. ಜೊತೆಗೆ ಹೋದವರು ಬಂದರು, ಅವನು ಬರಲಿಲ್ಲ. ಮಕ್ಕಳಿರಲಿಲ್ಲ. ನಳದ ಹತ್ತಿರ ಹೆಂಗಸೊಬ್ಬಳು, "ಹೇಣ್ತಿ ಹೆಸರ ಮಾಯಾ ಇದ್ರ ಗಂಡ ಮಾಯ ಆಗದ ಇನ್ನೇನಕ್ಕಾನ?" ಎಂದು ಆಕೆಗೆ ಕೇಳುವಂತೆಯೇ ಅಂದಳು. ಅಕ್ಕ ತುಂಬಿದ ಕೊಡ ಎತ್ತಿಕೊಂಡು ನಡೆದಳು. ಮಠದಲ್ಲಿ ಪ್ರವಚನ ಹೇಳುವವರು ಹೆಣ್ಣು ಮಾಯೆ ಎಂದಾಗ ನಾಲ್ಕು ತಲೆಗಳು ಆಕೆಯ ಕಡೆ ತಿರುಗಿದ್ದನ್ನು ನಾನೇ ಕಂಡಿದ್ದೇನೆ. ಅಂದಿನಿಂದ ಆಕೆ ಮಠಕ್ಕೆ ಹೋಗುವುದನ್ನೂ ಬಿಟ್ಟಳು.

ಮನೆಯಲ್ಲಿದ್ದದ್ದು ಕಣ್ಣು ಮಂಜಾದ ಅತ್ತೆ ಒಬ್ಬಳೇ. ಆಕೆಗೆ ಸೊಸೆ "ಮಾಯವ್ವ". "ನನ್ನ ಸೊಸಿಗೆ ಮಾಯೆ ಭಾಳ" ಎಂದು ಬಂದವರಿಗೆಲ್ಲ ಹೇಳುವಳು. ಅಲ್ಲಿ ಮಾಯೆ ಎಂದರೆ ಅಂತಃಕರಣ. ಸಂಜೆ ಕೊಪ್ಪಳದ ಬಸ್ಸಿನ ಸಪ್ಪಳ ಕೇಳಿದ ಕೂಡಲೇ ಮುದುಕಿ ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದಳು. ಬಸ್ಸಿಳಿದವರ ಹೆಜ್ಜೆಗಳೆಲ್ಲ ಮುಂದೆ ಹೋದ ಮೇಲೆ, "ನಾಳಿಗೆ ಬರಬಹುದು" ಎಂದು ಉಣ್ಣಲು ಏಳುವಳು. ಸೊಸೆ ತಾಟಿಗೆ ರೊಟ್ಟಿ ಹಾಕುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಬಸ್ ಡ್ರೈವರೊಬ್ಬ, "ಹುಲಿಗ್ಯಾಗ ನಿಮ್ಮವರಂಗ ಒಬ್ರನ್ನ ನೋಡ್ದೆ" ಎಂದ. ಅಂದಿನಿಂದ ಪ್ರತಿ ಹುಣ್ಣಿಮೆಗೂ ಅಕ್ಕ ಹುಲಿಗಿಗೆ ಹೋಗತೊಡಗಿದಳು. ನಾನು ಕಾಲೇಜು ಸೇರಿದ ಮೇಲೆ ಜೊತೆಗೆ ಹೋಗುತ್ತಿದ್ದೆ. ಹುಲಿಗೆಮ್ಮನ ದರ್ಶನಕ್ಕೆ ಜನ ಇರುವೆಯಂತೆ ಸೇರಿರುತ್ತಿದ್ದರು. ಅಕ್ಕ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನ ಎಡಗಾಲಿನ ಮೇಲೆ ಗೋಡೆಯ ಕಲ್ಲು ಬಿದ್ದು ಹೆಬ್ಬೆರಳು ಅರ್ಧ ಹೋಗಿತ್ತು. ಅದಕ್ಕೆ ಪಟ್ಟಿ ಕಟ್ಟಿದವಳು ಆಕೆಯೇ. "ಮಾರಿ ಬದಲಾಗತೈತಿ, ಕಾಲು ಬದಲಾಗಂಗಿಲ್ಲ" ಎನ್ನುತ್ತಿದ್ದಳು.

ಎರಡು ಸಾವಿರದ ನಾಲ್ಕರ ಒಂದು ಹುಣ್ಣಿಮೆ. ಗುಡಿಯ ಹಾದಿಯಲ್ಲಿ ಬಳೆ ಅಂಗಡಿಯೊಂದರ ಮುಂದೆ ಅಕ್ಕ ನಿಂತುಬಿಟ್ಟಳು. ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಗಡ್ಡ ಬಿಟ್ಟ ಒಬ್ಬ ಮನುಷ್ಯ ಕಾಲು ಚಾಚಿ ಕೂತಿದ್ದ. ಎಡಗಾಲಿನ ಹೆಬ್ಬೆರಳು ಅರ್ಧ ಇರಲಿಲ್ಲ. ಅವನು ತಲೆಯೆತ್ತಿ ಅಕ್ಕನನ್ನು ನೋಡಿದ, ಕಾಲನ್ನು ಎಳೆದು ಪಂಚೆಯೊಳಗೆ ಸೇರಿಸಿಕೊಂಡ. ಅವನ ಹಿಂದೆ ಹೆಂಗಸೊಬ್ಬಳು ಕೂಸಿಗೆ ಮೊಲೆ ಕೊಡುತ್ತಿದ್ದಳು. ಇನ್ನೊಂದು ಹುಡುಗಿ ಬಳೆಗಳನ್ನು ದಾರಕ್ಕೆ ಪೋಣಿಸುತ್ತಿತ್ತು.

"ಹಸರ ಗಾಜಿನವು ಛಲೋ ಅದಾವ್ರಿ ಅಕ್ಕಾರ, ತೊಡಸ್ಲೇನ್ರಿ?" ಎಂದಳು ಆ ಹೆಂಗಸು.

ಅಕ್ಕ ಕೈ ಮುಂದೆ ಚಾಚಿದಳು. ಆ ಹೆಂಗಸು ಕೂಸನ್ನು ಅವನ ತೊಡೆಯ ಮೇಲಿಟ್ಟು, ಅಕ್ಕನ ಕೈ ಹಿಡಿದು, ಮೆಲ್ಲಗೆ ಒತ್ತಿ ಒತ್ತಿ ಒಂದು ಡಜನ್ ಬಳೆ ತೊಡಿಸಿದಳು. "ಬೆರಳಿಗೇನಾಗೈತ್ರಿ?" ಎಂದೂ ಕೇಳಿದಳು. "ಕೆಲಸದ್ದು" ಎಂದಳು ಅಕ್ಕ. "ಯಾವೂರ್ರಿ?" ಎಂದಾಗ, "ದೂರ" ಎಂದಳು. ಅವನು ಮತ್ತೆ ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಅಕ್ಕ, "ಅಂವ ಅಲ್ಲ" ಎಂದಳು.

"ಅಕ್ಕಾ, ಆ ಕಾಲು..."

"ಅಂವ ಅಲ್ಲ ಅಂದೆ."

ಮನೆಗೆ ಹೋದಾಗ ಮುದುಕಿ ಬಾಗಿಲಲ್ಲೇ ಇದ್ದಳು. ಅಕ್ಕ ಅದನ್ನೇ ಹೇಳಿದಳು: "ಇಲ್ಲತ್ತಿ. ಡ್ರೈವರ್ ನೋಡಿದಾಂವ ಬ್ಯಾರೆ ಮನುಷ್ಯ." ಮುದುಕಿ, "ಮುಂದಿನ ಹುಣ್ಣಿಮಿಗೆ ಇನ್ನೊಮ್ಮೆ ನೋಡ್ಕೊಂಡ ಬಾರವಾ" ಎಂದಳು.

ಅಕ್ಕ ಹುಣ್ಣಿಮೆಗೊಮ್ಮೆ ಹೋಗುವುದನ್ನು ನಿಲ್ಲಿಸಲಿಲ್ಲ. ಆದರೆ ನನ್ನನ್ನು ಕರೆಯುವುದನ್ನು ಬಿಟ್ಟಳು. ಒಂದು ಹುಣ್ಣಿಮೆಯ ದಿನ ಪರೀಕ್ಷೆ ಮುಗಿಸಿ ಬರುವಾಗ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಆಕೆ ಒಬ್ಬಳೇ ಕೂತಿದ್ದನ್ನು ಕಂಡೆ. ಹುಲಿಗಿ ಬಸ್ಸುಗಳು ಬಂದವು, ಹೋದವು, ಆಕೆ ಏಳಲಿಲ್ಲ. ಸಂಜೆಯವರೆಗೆ ಅಲ್ಲೇ ಕೂತು, ಹಣ್ಣುಕಾಯಿ ಅಲ್ಲೇ ಕೊಂಡು, ಪ್ರಸಾದವೆಂದು ಅತ್ತೆಗೆ ಒಯ್ಯುತ್ತಿದ್ದಳಂತೆ. ನಾನು ಪಕ್ಕದಲ್ಲಿ ಕೂತು, ಯಾಕೆ ಹೀಗೆ ಎಂದು ಕೇಳಿದೆ.

"ಅಂವ ಬಂದು ಅವ್ವಾ ಅಂತ ನಿಂತು, ಮತ್ತ ಹೊಳ್ಳಿ ಹೋದ್ರ? ಎರಡನೇ ಸಲ ಆಕಿ ತಡಿಯಂಗಿಲ್ಲ" ಎಂದಳು. ಒಂದು ಬಸ್ಸು ಹೋದ ಮೇಲೆ, ನನ್ನ ಮುಖ ನೋಡದೆ, "ಅದೂ ಖರೇ ಅಲ್ಲ. ಅಂವ ಕರದ್ರ ಆಕಿ ಮಮ್ಮಕ್ಕಳನ್ನ ನೋಡಾಕ ಹೋಗಿಬಿಡ್ತಾಳ. ಆಮ್ಯಾಲ ನನಗ ಯಾರದಾರ?" ಎಂದಳು.

ಎರಡು ಸಾವಿರದ ಆರರಲ್ಲಿ ಮುದುಕಿ ತೀರಿಕೊಂಡಳು. ಕೊನೆಯ ಮೂರು ದಿನ ಬಾಯಿಗೆ ನೀರು ಹಾಕಿದಾಗಲೆಲ್ಲ ಒಂದೇ ಮಾತು: "ಬಸ್ ಬಂತೇನು?" ಅಕ್ಕ ಕಾಲು ಒತ್ತುತ್ತ ಕೂತಿದ್ದಳು. ಮಣ್ಣು ಮಾಡಿ ಬಂದ ಮೇಲೆ ಆಕೆ ದವಾಖಾನೆಗೆ ಹೋಗುವುದು, ಬರುವುದು, ಮಲಗುವುದು, ಇಷ್ಟೇ ಆಯಿತು. ನಾನು ಹೋಗಿ ಮಾತಾಡಿಸಿದರೆ ನನ್ನ ಕೈ ಹಿಡಿದು ಬೆರಳು ಮಡಚಿ ಬಿಚ್ಚಿ ನೋಡುವಳು. ಎರಡು ಸಾವಿರದ ಹನ್ನೆರಡರ ಬೇಸಿಗೆಯಲ್ಲಿ ಕಾಮಾಲೆಯಾಗಿ, ಹತ್ತೇ ದಿನಕ್ಕೆ, ಅಕ್ಕ ಹೋದಳು.

ಗಂಡನಿಗೆ ತಿಳಿಸಬೇಕೆಂದು ನನಗೇ ಅನ್ನಿಸಿತು. ಹುಲಿಗಿಗೆ ಹೋದೆ. ಹುಣ್ಣಿಮೆಯಲ್ಲ, ಅಂಗಡಿಗಳ ಮುಂದೆ ಜನವಿರಲಿಲ್ಲ. ಅವನು ಒಬ್ಬನೇ ಬಳೆ ಒರೆಸುತ್ತಿದ್ದ. ನಾನು ಯಾರೆಂದು ಹೇಳಿ, ಅಕ್ಕ ತೀರಿಕೊಂಡ ಸುದ್ದಿ ಹೇಳಿದೆ. ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ.

"ಎಷ್ಟು ವರ್ಷ ಒಬ್ಬಾಕಿನ ಇದ್ಲಲ್ರಿ, ಪಾಪ" ಎಂದ. "ನೀವಿಬ್ರೂ ಬಂದು ಹೋದ್ರಲ್ಲ, ಅದರ ಮುಂದಿನ ಹುಣ್ಣಿಮಿಗೆ ಆಕಿ ಒಬ್ಬಾಕಿನ ಬಂದಿದ್ಲು. ನಾ ಅವ್ವನ್ನ ನೋಡಾಕ ಬರ್ತೀನಿ ಅಂದೆ. ಅವ್ವ ಹ್ವಾದ ವರ್ಷನ ಸತ್ತಾಳ, ಇನ್ನ ಊರಿಗೆ ಬರಬ್ಯಾಡ ಅಂದ್ಲು. ಅದಕ್ಕ ನಾ ಬರ್ಲಿಲ್ರಿ."

ಆ ಹುಣ್ಣಿಮೆಯ ದಿನ ಮುದುಕಿ ಬದುಕಿದ್ದಳು. ಇನ್ನೂ ಎರಡು ವರ್ಷ ಬದುಕಿದ್ದಳು.

ಅವನು ತಲೆ ತಗ್ಗಿಸಿಕೊಂಡೇ ಕೇಳಿದ: "ಹೋಗೂವಾಗ ಅವ್ವ ನನ್ನ ನೆನಸಿದ್ಲೇನಂತ ಆಕಿನ್ನ ಕೇಳಿದ್ದೆ. ಹೇಳ್ಲಿಲ್ಲ. ನಿಮಗರ ಗೊತ್ತೇನ್ರಿ?"

ಅಕ್ಕ ನೆಟ್ಟಗೆ ಮಾಡಿಕೊಟ್ಟ ಕೈಯಿಂದ ಸೆರಗಿನ ತುದಿ ಬಿಗಿಯಾಗಿ ಹಿಡಿದು ನಿಂತಿದ್ದೆ. ಖರೇ ಹೇಳಿದ್ದರೆ ಆ ಮನುಷ್ಯ ಇನ್ನುಳಿದ ದಿನಗಳನ್ನು ಹೇಗೆ ಕಳೆಯುತ್ತಿದ್ದನೋ. ಅಥವಾ ನಾನು ಯೋಚಿಸಿದ್ದು ಅವನ ಬಗ್ಗೆ ಅಲ್ಲವೇ ಅಲ್ಲವೇನೋ; ಅಕ್ಕನ ಹೆಸರು ಅವನ ಬಾಯಲ್ಲಿ ಕೆಡಬಾರದು ಎಂಬುದಷ್ಟೇ ಇತ್ತೇನೋ.

"ನಾ ಆಗ ಓದಾಕ ಊರ ಬಿಟ್ಟಿದ್ದೆ" ಎಂದೆ. "ನನಗ ಗೊತ್ತಿಲ್ರಿ."

ಅವನು ತಲೆಯಾಡಿಸಿ ಮತ್ತೆ ಬಟ್ಟೆ ಕೈಗೆತ್ತಿಕೊಂಡ.