ಬಾವಿಯ ಆಮೆಯ ಊಟದ ಹೊತ್ತು

ಹಗರಿಬೊಮ್ಮನಹಳ್ಳಿಯ ನಮ್ಮ ಹಿತ್ತಲ ಬಾವಿಯಲ್ಲಿ ಒಂದು ಆಮೆಯಿತ್ತು. ಹುಳಹುಪ್ಪಟೆ ತಿಂದು ನೀರನ್ನು ಚೊಕ್ಕಟವಾಗಿಡುವುದು ಅದರ ಉದ್ಯೋಗ. ದಿನಕ್ಕೊಂದು ತುಣುಕು ಜೋಳದ ರೊಟ್ಟಿ ಸಂಬಳ. ನಸುಕಿನಲ್ಲಿ ಮೊದಲ ಕೊಡ ಸೇದಿದ ಕೂಡಲೇ ಸೋದರತ್ತೆ ರೊಟ್ಟಿ ಎಸೆಯಬೇಕು, ಆಮೇಲೆಯೇ ಮನೆಯವರಿಗೆ ಚಹಾ. ಈ ಕ್ರಮವನ್ನು ಮುರಿದವರಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ, ಎಂದೂ ಕಾಣದ ಚಳಿ ಬಿದ್ದ ವರ್ಷ, ಆಮೆ ಮೇಲೆ ಬರುವುದನ್ನೇ ಬಿಟ್ಟಿತು. ಎಸೆದ ರೊಟ್ಟಿ ಉಬ್ಬಿ ತೇಲತೊಡಗಿತು; ನೀರು ಕೆಡಬಾರದೆಂದು ಅದನ್ನು ಮುಂದಿನ ಕೊಡದಲ್ಲೇ ಎತ್ತಿ ಚೆಲ್ಲುತ್ತಿದ್ದೆವು. ಅಪ್ಪ ತೀರ್ಪು ಕೊಟ್ಟರು: "ಸತ್ತೈತಿ."

ಬರೀ ಆಮೆಯ ಪ್ರಶ್ನೆಯಾಗಿದ್ದರೆ ಅತ್ತೆ ಎರಡು ಹನಿ ಕಣ್ಣೀರು ಹಾಕಿ ಮುಗಿಸುತ್ತಿದ್ದರೇನೋ. ಆದರೆ ನನ್ನ ಮದುವೆ ಗೊತ್ತಾಗಿ, ಹಿರೇಹಡಗಲಿಯ ಬೀಗರು ಮನೆಗೆ ಬರುವವರಿದ್ದರು. ಆಮೆ ಸತ್ತ ಬಾವಿಯ ನೀರು ಕುಡಿಸಿದರೆಂಬ ಮಾತು ಮೊಮ್ಮಕ್ಕಳ ಮದುವೆಯವರೆಗೂ ಬಾಳುತ್ತದೆ. ಅಪ್ಪ ಪಾತಾಳಗರಡಿ ತಂದರು. ಅದು ಬಾವಿಗೆ ಬಿದ್ದ ಕೊಡ ಎತ್ತುವ, ಕಬ್ಬಿಣದ ಕೊಕ್ಕೆಗಳ ಗೊಂಚಲು.

ಅತ್ತೆ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. "ಜೀವಂತ ಇದ್ರ? ಆ ಕೊಕ್ಕಿ ಹೊಟ್ಟಿಗೆ ಚುಚ್ಚಿದ್ರ ನೀ ಹೊಲಿತೀಯೇನೋ ತಮ್ಮಾ?"

"ಮತ್ಯಾಕ ಉಣವಲ್ದು, ಅಕ್ಕಾ?"

"ಉಪವಾಸ ಇರಬೇಕು."

"ಅದಕ್ಕ ದೀಕ್ಷಾ ಯಾರು ಕೊಟ್ಟಾರ?"

ನಾನು ಸುಮ್ಮನಿದ್ದರೆ ಕಾಲೇಜು ಓದಿದ ವಿದ್ಯೆಗೆ ಅಪಮಾನ. ಆಮೆಗಳು ಚಳಿಗಾಲವೆಲ್ಲ ನಿದ್ದೆ ಮಾಡುತ್ತವೆ, ಪುಸ್ತಕದಲ್ಲಿದೆ ಎಂದೆ.

"ಆ ಪುಸ್ತಕ ಬರದವ್ರ ಊರಾಗ ಹಿಮ ಬೀಳ್ತೈತಿ," ಎಂದರು ಅಪ್ಪ. "ನಮ್ಮೂರಾಗ ಕಂಬಳಿ ಹೊದಿಯೋದ್ರಾಗ ಬಿಸಿಲು ಬಂದಿರ್ತೈತಿ."

ಅತ್ತೆ ದಿನವೂ ಮೊದಲ ಲೋಟ ನೀರನ್ನು ಎಲ್ಲರೆದುರು ಮೂಸಿ, ಕುಡಿದು, "ವಾಸನಿ ಇಲ್ಲ" ಎಂದು ಸಾರುತ್ತ ಕೊಕ್ಕೆಯನ್ನು ತಡೆದರು. ಕೊನೆಗೊಂದು ಮಧ್ಯಾಹ್ನ ತಾಳ್ಮೆಗೆಟ್ಟ ಅಪ್ಪ ಹಗ್ಗ ಬಿಗಿದು ಇನ್ನೇನು ಇಳಿಬಿಡಬೇಕು, ನಾಳೆ ಬರಬೇಕಾದ ಬೀಗರು ಇವತ್ತೇ ಬಂದು, ಕಾಲು ತೊಳೆಯಲು ನೇರ ಹಿತ್ತಲಿಗೇ ನಡೆದರು.

"ಏನ್ ಬಿದ್ದೈತ್ರಿ ಬಾವ್ಯಾಗ?"

"ಕೊಡ ರೀ, ಕೊಡ," ಎಂದರು ಅಪ್ಪ.

ಅತ್ತೆ ಒಳಗೆ ಹೋಗಿ ಬಿಸಿ ರೊಟ್ಟಿಯ ತುಂಡು ತಂದರು. ಅಪ್ಪ ಕಣ್ಣಿನಲ್ಲೇ ಬೇಡವೆಂದರು. ಅತ್ತೆ ನೋಡಿಯೂ ನೋಡಲಿಲ್ಲ. "ಕೊಡ ಅಲ್ರಿ. ನಮ್ಮ ಆಮಿ," ಎಂದು ಎಸೆದೇಬಿಟ್ಟರು.

ಬಿಸಿಲು ಬಾವಿಯ ಗೋಡೆಯನ್ನು ಅರ್ಧ ಇಳಿದಿತ್ತು. ನಾವೆಲ್ಲ ಬಗ್ಗಿ ನಿಂತೆವು. ನೀರು ಒಮ್ಮೆ ಅಲುಗಿತು. ಮೂತಿ ಬಂತು, ರೊಟ್ಟಿ ಹೋಯಿತು.

"ಬೇಷ್! ಮಧ್ಯಾಹ್ನ ಉಣ್ತೈತೇನ್ರಿ ಇದು?" ಎಂದರು ಬೀಗರು.

ಅಪ್ಪ ಪಾತಾಳಗರಡಿಯನ್ನು ಬೆನ್ನ ಹಿಂದೆ ಸರಿಸಿ, ಹುಟ್ಟಿದಾಗಿನಿಂದ ಬಲ್ಲವರಂತೆ ಹೇಳಿದರು: "ಚಳಿಗಾಲದಾಗ ಅಷ್ಟರಿ."

ಆಮೆ ಸತ್ತಿರಲಿಲ್ಲ, ಮಲಗಿರಲಿಲ್ಲ, ದೀಕ್ಷೆಯನ್ನೂ ಪಡೆದಿರಲಿಲ್ಲ. ನಸುಕಿನ ಚಳಿಗೆ ಮೇಲೆ ಬರಲು ಅದಕ್ಕೆ ಮನಸ್ಸಿರಲಿಲ್ಲ, ಅಷ್ಟೇ. ಸಾಕಿದ ಆಮೆಯನ್ನು ಚಳಿಗಾಲದಲ್ಲಿ ಮಲಗಿಸಬೇಕೇ ಎಂದು ಈಗಲೂ ಯಾರಾದರೂ ಕೇಳಿದರೆ, ನಮ್ಮ ಸೀಮೆಯಲ್ಲಿ ಬೇಡ, ಊಟದ ಹೊತ್ತು ಬದಲಿಸಿ ನೋಡಿ ಎನ್ನುತ್ತೇನೆ.

ಮರುದಿನದಿಂದ ಅತ್ತೆ ರೊಟ್ಟಿಯನ್ನು ಮಧ್ಯಾಹ್ನಕ್ಕೆ ಹಾಕಿದರು. ಆದರೆ ಕ್ರಮವೆಂದರೆ ಕ್ರಮ: ಆಮೆಗೆ ರೊಟ್ಟಿ ಬೀಳದೆ ಮನೆಯಲ್ಲಿ ಚಹಾ ಇಲ್ಲ. ಶಿವಶಿವಾ ಎನ್ನುತ್ತ ಚಳಿ ಹೋಗುವ ಶಿವರಾತ್ರಿಯವರೆಗೂ ಅಪ್ಪ ಬಸ್ ನಿಲ್ದಾಣದ ಹೋಟೆಲಿಗೆ ನಡೆದುಹೋಗಿ ಬೆಳಗಿನ ಚಹಾ ಕುಡಿದರು.